ಗುಳಿಗೆಯಿಂದ ಬಂದ ಗೆಲುವು ಯಾರದು?

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಶಾಲಾ ಕ್ರೀಡಾಕೂಟಗಳಲ್ಲಿ ಓಡುವವರಲ್ಲಿ ರೈತರ, ಕೂಲಿಕಾರರ ಮಕ್ಕಳು ಅನೇಕ. ಒಂದು ಪದಕ ಬಂದರೆ ಕ್ರೀಡಾ ಹಾಸ್ಟೆಲ್ ಸೇರಬಹುದು, ಮುಂದೆ ನೌಕರಿಗೂ ದಾರಿಯಾದೀತು ಎಂಬ ಆಸೆ ಮನೆಮಂದಿಗೆಲ್ಲ ಇರುತ್ತದೆ. ಇಂಥ ಹೊತ್ತಿನಲ್ಲಿ ಯಾರೋ ಒಬ್ಬರು ಡಬ್ಬಿಯೊಂದನ್ನು ಕೈಗಿತ್ತು, ‘ಇದನ್ನು ತಗೊ, ದಮ್ಮು ಹೆಚ್ಚುತ್ತದೆ’ ಎಂದರೆ ಮಗು ಏನು ಮಾಡಬೇಕು? ತಂದೆತಾಯಿ ಏನು ಹೇಳಬೇಕು?

ಉತ್ತರಕ್ಕೆ ದೂರ ಹೋಗಬೇಕಿಲ್ಲ. ಕುಂದಾಪುರ ತಾಲ್ಲೂಕು ಸಿದ್ದಾಪುರದ ಕೃಷಿಕ ಕುಟುಂಬದ ಅಶ್ವಿನಿ ಅಕ್ಕುಂಜಿ 2010ರಲ್ಲಿ ನಾಡಿನ ಮನೆಮಾತಾದರು. ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ. ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. ಆದರೆ 2011ರಲ್ಲಿ ಅವರೂ ಸೇರಿ ಆರು ಓಟಗಾರ್ತಿಯರು ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತರಬೇತುದಾರರು ಕೊಟ್ಟ ಜಿನ್ಸೆಂಗ್ ಗುಳಿಗೆಯಲ್ಲೇ ನಿಷೇಧಿತ ಸ್ಟೆರಾಯ್ಡ್ ಇತ್ತು, ತಮಗೆ ಅರಿವಿರಲಿಲ್ಲ ಎಂಬುದು ಅವರ ವಾದ. ಉಕ್ರೇನಿನ ತರಬೇತುದಾರ ಯೂರಿ ಒಗೊರೊಡ್ನಿಕ್ ಕೆಲಸ ಕಳೆದುಕೊಂಡರು. ದೇಶದ ಶಿಸ್ತು ಸಮಿತಿ ವಿಧಿಸಿದ್ದು ಒಂದು ವರ್ಷದ ನಿಷೇಧ. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೇರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ನಿಷೇಧ ಮುಗಿದ ಮೇಲೆ ಅಶ್ವಿನಿ ಮತ್ತೆ ಓಡಿದರು, ನಿಜ. ಕಳೆದ ಪ್ರಾಯ ಮರಳಲಿಲ್ಲ.

ನಂಬಿದ್ದೇ ತಪ್ಪೇ? ನಿಯಮ ಇಲ್ಲಿ ಕಠೋರ. ಯಾರು ಕೊಟ್ಟರೆಂಬುದು ಶಿಕ್ಷೆಯ ಪ್ರಮಾಣಕ್ಕೆ ಸಂಬಂಧಿಸಿದ್ದು. ದೇಹದಲ್ಲಿ ಸಿಕ್ಕ ಮದ್ದಿಗೆ ಆಟಗಾರರೇ ಹೊಣೆ. ಹಾಗಿಲ್ಲದಿದ್ದರೆ ಪ್ರತಿಯೊಬ್ಬರೂ ‘ನನಗೆ ಗೊತ್ತಿರಲಿಲ್ಲ’ ಎಂದೇ ಪಾರಾಗುತ್ತಿದ್ದರು.

ಬೂಟಿಗೂ ಮದ್ದಿಗೂ ವ್ಯತ್ಯಾಸ

‘ಶ್ರೀಮಂತರ ಮಕ್ಕಳಿಗೆ ಒಳ್ಳೆಯ ಬೂಟು, ಒಳ್ಳೆಯ ತರಬೇತಿ. ಅದೂ ಅನ್ಯಾಯವಲ್ಲವೇ?’ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಪ್ರಶ್ನೆ ಸರಿಯೇ. ಆದರೆ ಬೂಟು ಯಾರ ಯಕೃತ್ತನ್ನೂ ಕೆಡಿಸುವುದಿಲ್ಲ. ಸ್ಟೆರಾಯ್ಡ್‌ನಿಂದ ಯಕೃತ್ತು, ಹೃದಯಕ್ಕೆ ಅಪಾಯವಿದೆ. ಬೆಳೆಯುವ ಮಕ್ಕಳಲ್ಲಿ ಎಲುಬಿನ ಬೆಳವಣಿಗೆ ಬೇಗ ನಿಂತುಹೋಗಬಹುದು. ಹುಡುಗಿಯರ ಧ್ವನಿ ಗಡಸಾಗಿ ಹಾಗೆಯೇ ಉಳಿಯಬಹುದು. ಅದಕ್ಕಿಂತ ದೊಡ್ಡ ಮಾತೆಂದರೆ, ಒಬ್ಬ ನುಂಗಿದರೆ ಪಕ್ಕದವನೂ ನುಂಗಬೇಕಾಗುತ್ತದೆ. ಎಲ್ಲರೂ ನುಂಗಿದ ಮೇಲೆ ಯಾರಿಗೂ ಲಾಭವಿಲ್ಲ, ಎಲ್ಲರ ಮೈಯೂ ಹಾಳು. ಒಲ್ಲೆನೆಂದ ಪ್ರಾಮಾಣಿಕ ಮಾತ್ರ ಮೈದಾನದಿಂದ ಹೊರಗೆ.

1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಬೆನ್ ಜಾನ್ಸನ್ 100 ಮೀಟರನ್ನು 9.79 ಸೆಕೆಂಡಿನಲ್ಲಿ ಓಡಿ ಜಗತ್ತನ್ನೇ ಬೆರಗುಗೊಳಿಸಿದ. ಮೂರೇ ದಿನದಲ್ಲಿ ಪದಕ ಹೋಯಿತು. ಓಡಿದ್ದು ಕಾಲೋ, ಮದ್ದೋ? ಇಂದಿಗೂ ಅವನ ಹೆಸರಿನ ಹಿಂದೆಯೇ ಆ ಪ್ರಶ್ನೆ ಬರುತ್ತದೆ.

ಮನೆಯಲ್ಲಿ ಏನು ಮಾಡಬಹುದು?

ಹೆಸರು ತಿಳಿಯದ ಪುಡಿ, ಗುಳಿಗೆ, ಚುಚ್ಚುಮದ್ದನ್ನು ಗುರುಗಳೇ ಕೊಟ್ಟರೂ ವೈದ್ಯರಿಗೆ ತೋರಿಸದೆ ಮುಟ್ಟಬಾರದು. ಡಬ್ಬಿಯ ಚೀಟಿ ಎಲ್ಲವನ್ನೂ ಹೇಳುವುದಿಲ್ಲ. ನೆಗಡಿಯ ಕೆಲವು ಗುಳಿಗೆಗಳಲ್ಲೂ ನಿಷೇಧಿತ ವಸ್ತುವಿರುತ್ತದೆ. ಆದ್ದರಿಂದ ‘ನಾನು ಕ್ರೀಡಾಪಟು’ ಎಂದು ವೈದ್ಯರಿಗೆ ಮೊದಲೇ ತಿಳಿಸಬೇಕು. ಕಸುವಿಗೆ ನಮ್ಮ ಜೋಳದ ರೊಟ್ಟಿ, ಬೇಳೆಕಾಳು, ಶೇಂಗಾ, ಹಾಲು, ಮೊಟ್ಟೆ ಇವೆ. ಜೊತೆಗೆ ಹೊತ್ತಿಗೆ ಸರಿಯಾದ ನಿದ್ದೆ ಬೇಕು.

ಮಗ ಅಥವಾ ಮಗಳು ಕ್ರೀಡಾಕೂಟದಿಂದ ಮನೆಗೆ ಬಂದಾಗ ನಾವು ಕೇಳುವ ಮೊದಲ ಮಾತು ‘ಎಷ್ಟನೇ ನಂಬರು ಬಂತು?’ ಎಂಬುದು. ಒಮ್ಮೆ ‘ಹೋದ ಸಲಕ್ಕಿಂತ ಚೆನ್ನಾಗಿ ಓಡಿದೆಯಾ?’ ಎಂದು ಕೇಳಿ ನೋಡೋಣ. ನಾಲ್ಕನೆಯವರಾಗಿ ಬಂದರೂ ಮನೆಯಲ್ಲಿ ಊಟ, ಪ್ರೀತಿ ಕಡಿಮೆಯಾಗದೆಂದು ತಿಳಿದ ಮಗು ಆ ಡಬ್ಬಿಗೆ ಸುಲಭವಾಗಿ ಕೈಚಾಚುವುದಿಲ್ಲ.