ಬೆಳಕನ್ನು ಹಿಂಡಿ ಅಳೆಯುವ ವಿದ್ಯೆ

ಮಹಾರಾಷ್ಟ್ರದ ಹಿಂಗೋಲಿ ಎಂದರೆ ಪುಣೆ, ಮುಂಬೈಗಳಲ್ಲಿರುವ ನಮ್ಮಲ್ಲಿ ಅನೇಕರಿಗೆ ಅಷ್ಟೇನೂ ಪರಿಚಿತ ಊರಲ್ಲ. ಆ ಜಿಲ್ಲೆಯಲ್ಲಿ ‘ಲೈಗೋ-ಇಂಡಿಯಾ’ ವೀಕ್ಷಣಾಲಯ ಕಟ್ಟಲು ಕೇಂದ್ರ ಸಚಿವ ಸಂಪುಟ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಕೆಲಸ ಉದ್ದ ಅಳೆಯುವುದು. ಆದರೆ ಎಷ್ಟು ಸೂಕ್ಷ್ಮವಾಗಿ?

ಅಮೆರಿಕದಲ್ಲಿ ಈಗಾಗಲೇ ಇಂಥ ಎರಡು ಯಂತ್ರಗಳಿವೆ. ಒಂದೊಂದಕ್ಕೂ ಲಂಬವಾಗಿ ಚಾಚಿದ, 4 ಕಿ.ಮೀ. ಉದ್ದದ ಎರಡು ತೋಳುಗಳು. ಲೇಸರ್ ಕಿರಣ ಎರಡಾಗಿ ಸೀಳಿ, ತುದಿಯ ಕನ್ನಡಿಗಳಿಗೆ ಬಡಿದು, ಮರಳಿ ಒಂದಾಗುತ್ತದೆ. ಗುರುತ್ವ ಅಲೆ ಹಾದುಹೋದಾಗ ಒಂದು ತೋಳು ಹಿಗ್ಗಿ, ಇನ್ನೊಂದು ಕುಗ್ಗುತ್ತದೆ. 2015ರ ಸೆಪ್ಟೆಂಬರ್ 14ರಂದು ಮೊದಲ ಅಲೆ ಸಿಕ್ಕಾಗ ಈ ವ್ಯತ್ಯಾಸ ಪ್ರೋಟಾನಿನ ಅಗಲಕ್ಕಿಂತ ನೂರಾರು ಪಟ್ಟು ಚಿಕ್ಕದಿತ್ತು.

ಇಷ್ಟು ಸೂಕ್ಷ್ಮಕ್ಕೆ ಇಳಿದಾಗ ಬೆಳಕಿನ ಸ್ವಭಾವವೇ ಅಡ್ಡ ಬರುತ್ತದೆ. ಫೋಟಾನುಗಳು ತಗಡಿನ ಮೇಲಿನ ಮಳೆಹನಿಗಳಂತೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬೀಳುತ್ತವೆ. ಆ ಗದ್ದಲದಲ್ಲಿ ಸಣ್ಣ ಸಂಕೇತ ಮುಳುಗಿಹೋಗುತ್ತದೆ. ಲೇಸರ್ ಶಕ್ತಿ ಹೆಚ್ಚಿಸಿದರೆ ಈ ತೊಂದರೆ ತಗ್ಗುತ್ತದೆ, ಆದರೆ ಫೋಟಾನುಗಳ ತಳ್ಳಾಟಕ್ಕೆ 40 ಕೆ.ಜಿ. ತೂಕದ ಕನ್ನಡಿಗಳೇ ಅಲುಗತೊಡಗುತ್ತವೆ!

1981ರಲ್ಲಿ ಭೌತವಿಜ್ಞಾನಿ ಕಾರ್ಲ್‌ಟನ್ ಕೇವ್ಸ್ ಒಂದು ದಾರಿ ತೋರಿಸಿದರು. ಬೆಳಕಿನ ಅಲೆಯ ಎರಡು ಗುಣಗಳ ಅನಿಶ್ಚಿತತೆಯನ್ನು ಒಟ್ಟಿಗೆ ಇಲ್ಲವಾಗಿಸಲು ಕ್ವಾಂಟಮ್ ನಿಯಮ ಬಿಡುವುದಿಲ್ಲ. ಆದರೆ ಒಂದನ್ನು ಕುಗ್ಗಿಸಿ, ಇನ್ನೊಂದು ಹಿಗ್ಗಲು ಬಿಡಬಹುದು. ಬಲೂನನ್ನು ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಉಬ್ಬುತ್ತದಲ್ಲ, ಹಾಗೆ. ಅಳತೆಗೆ ಬೇಕಾದ ಬದಿಯನ್ನು ಅದುಮಿದರಾಯಿತು. ವಿಶೇಷ ಹರಳಿನ ಸಹಾಯದಿಂದ ತಯಾರಿಸುವ ಈ ‘ಹಿಂಡಿದ ಬೆಳಕ’ನ್ನು ಅಮೆರಿಕದ ಎರಡೂ ಯಂತ್ರಗಳು 2019ರ ವೀಕ್ಷಣೆಯಿಂದ ಬಳಸುತ್ತಿವೆ. ಮಳೆಹನಿಯ ಗದ್ದಲ ಕಾಡುವುದು ಹೆಚ್ಚಿನ ಆವರ್ತನಗಳಲ್ಲಿ, ಕನ್ನಡಿಯ ಅಲುಗಾಟ ಕಡಿಮೆ ಆವರ್ತನಗಳಲ್ಲಿ. 2023ರಲ್ಲಿ 300 ಮೀಟರ್ ಉದ್ದದ ಇನ್ನೊಂದು ಕೊಳವೆ ಸೇರಿಸಿ, ಆವರ್ತನಕ್ಕೆ ತಕ್ಕಂತೆ ಅದುಮುವ ಬದಿಯನ್ನೇ ಬದಲಿಸುವ ವ್ಯವಸ್ಥೆ ಬಂತು.

ಇದರಿಂದ ಸಿಗುವ ಲಾಭ ಸಣ್ಣದಲ್ಲ. ಯಂತ್ರದ ನೋಟ ಶೇ. 15ರಷ್ಟು ದೂರ ಹೆಚ್ಚಿದರೆ, ಅದು ಕಾಣುವ ಆಕಾಶದ ಗಾತ್ರ ಸುಮಾರು ಒಂದೂವರೆ ಪಟ್ಟಾಗುತ್ತದೆ. ಕಪ್ಪುಕುಳಿಗಳ ಡಿಕ್ಕಿಗಳೂ ಅಷ್ಟೇ ಹೆಚ್ಚು ಸಿಗುತ್ತವೆ. ಅವು ಯಾವ ದಿಕ್ಕಿನಲ್ಲಿ ನಡೆದವೆಂದು ಕರಾರುವಾಕ್ಕಾಗಿ ಹೇಳಲು ಮಾತ್ರ ದೂರದೂರದ ಹಲವು ಯಂತ್ರಗಳು ಬೇಕು. ದೂರದರ್ಶಕಗಳನ್ನು ಸಮಯಕ್ಕೆ ಸರಿಯಾಗಿ ಆ ಕಡೆ ತಿರುಗಿಸಲಾಗುವುದು ಆಗಲೇ. ಹಿಂಗೋಲಿಗಾಗಿ ಖಗೋಳ ವಿಜ್ಞಾನಿಗಳು ಕಾಯುತ್ತಿರುವುದು ಇದಕ್ಕೇ.