ಕಮಲಾಪುರದ ಅಣ್ಣ ಕೊರೆದ ಕಾರಿನ ದಾರಿ

ಬೇಸಿಗೆ ರಜೆ ಬಂತೆಂದರೆ ನಮ್ಮ ಕಲಬುರಗಿಯ ತಾಯಂದಿರ ಪಾಡು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗೆ ಕೆಂಡದಂಥ ಬಿಸಿಲು, ಒಳಗೆ ಮೊಬೈಲು ಹಿಡಿದು ಕುಳಿತ ಮಕ್ಕಳು. ಹೋದ ರಜೆಯಲ್ಲಿ ನನ್ನ ಹನ್ನೊಂದು ವರ್ಷದ ಮಗ ಅದರಲ್ಲೇ ಒಂದು ಆಟಿಕೆ ನೋಡಿ, ಬೇಕೇ ಬೇಕೆಂದು ಹಟ ಹಿಡಿದ. ದಾರಿಯ ನಡುವೆ ಒಂದು ಸಣ್ಣ ಸೀಳು. ಆ ಸೀಳಿನೊಳಗೆ ಅಡಿಯ ಮೊಳೆ ಇಳಿಬಿಟ್ಟು ಓಡುವ ಪುಟ್ಟ ಕಾರು. ಸ್ಲಾಟ್ ಕಾರು ಎಂದು ಅದರ ಹೆಸರು. 1957ರಲ್ಲಿ ಇಂಗ್ಲೆಂಡಿನ ಹ್ಯಾರೊಗೇಟ್ ಆಟಿಕೆ ಮೇಳದಲ್ಲಿ ಫ್ರೆಡ್ ಫ್ರಾನ್ಸಿಸ್ ಎಂಬಾತ ‘ಸ್ಕೇಲೆಕ್ಸ್‌ಟ್ರಿಕ್’ ಎಂಬ ಹೆಸರಿನಲ್ಲಿ ಇಂಥದ್ದನ್ನು ತೋರಿಸಿದನಂತೆ. ಬೆಲೆ ನೋಡಿದರೆ ಐದಂಕಿ! ನಮ್ಮ ಮನೆಯವರು ಏನೂ ಮಾತಾಡದೆ ಪೇಪರು ಬಿಡಿಸಿಕೊಂಡರು.

ಆಗ ನೆನಪಾದವನು ಕಮಲಾಪುರದ ನಮ್ಮಣ್ಣ. ಬಡಿಗತನ ಅವನ ಕಸುಬು. ಊರಲ್ಲಿ ಎಷ್ಟೋ ಮನೆಗಳ ಬಾಗಿಲು, ಕಿಟಕಿ ಅವನ ಕೈಯವೇ. ಈಗ ಜನ ರೆಡಿಮೇಡ್ ಬಾಗಿಲು ತಂದು ಕೂಡಿಸುತ್ತಾರೆ. ಸಾಲ ಮಾಡಿ ಕೊಂಡ ರೂಟರ್ ಯಂತ್ರ ಬಟ್ಟೆ ಹೊದ್ದು ಕುಳಿತಿತ್ತು. “ಗಿರಾಕಿ ಬಂದರ ಮಾರಿಬಿಡ್ತೀನಿ ತಂಗಿ” ಎಂದ. ನಾನು ಏನೂ ಅನ್ನದೆ ಮಗನ ಕೈಯಿಂದ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿ, “ಹಲಗಿ ಯಾವಾಗ ತರೋಣು?” ಎಂದು ಕೇಳಿದ.

ಎರಡು ಕಾರು, ವೇಗ ಹೆಚ್ಚು-ಕಮ್ಮಿ ಮಾಡುವ ಎರಡು ಕೈಗುಂಡಿ ಮಾತ್ರ ಕೊಂಡೆವು. ಉಳಿದದ್ದೆಲ್ಲ ಮನೆಯದೇ. 8 ಅಡಿ ಉದ್ದ, 4 ಅಡಿ ಅಗಲದ ಎಂ.ಡಿ.ಎಫ್. ಹಲಗೆ 12 ಮಿಲಿಮೀಟರ್ ದಪ್ಪದ್ದು ಒಂದು. ತಿರುವಿಗೆ 9 ಮಿಲಿಮೀಟರಿನದು ಬೇರೆ. ಪ್ಲೈವುಡ್ಡಿನಲ್ಲಿ ಕೊರೆದರೆ ಅಂಚು ಎದ್ದು ಸಿಬಿರಾಗುತ್ತದೆ. ಆದರೆ ಎಂ.ಡಿ.ಎಫ್.ನ ಹುಡಿ ಎದೆಗೆ ಕೆಟ್ಟದ್ದು. ಕೆಲಸ ಅಂಗಳದಲ್ಲಾಗಲಿ, ಮೂಗು-ಬಾಯಿಗೆ ಮಾಸ್ಕ್ ಇರಲಿ, ಮಕ್ಕಳು ದೂರವಿರಲಿ. ಹಾಗೆಯೇ ನೆಲ ಒರೆಸುವ ಒದ್ದೆ ಬಟ್ಟೆ ಅದಕ್ಕೆ ತಾಗಿಸಬೇಡಿ, ಉಬ್ಬುತ್ತದೆ. (ನಾನು ತಾಗಿಸಿ ಬೈಸಿಕೊಂಡೆ!)

ಸೀಳು 3 ಮಿಲಿಮೀಟರ್ ಅಗಲ, 7 ಮಿಲಿಮೀಟರ್ ಆಳ. ಎರಡು ಸೀಳುಗಳ ನಡುವೆ 10 ಸೆಂಟಿಮೀಟರ್ ಅಂತರ, ಇಲ್ಲವಾದರೆ ಕಾರುಗಳು ಒಂದಕ್ಕೊಂದು ಬಡಿಯುತ್ತವೆ. ನೇರ ದಾರಿಗೆ ಪಟ್ಟಿ ಆನಿಸಿ ಯಂತ್ರ ಓಡಿಸಬೇಕು. ತಿರುವಿಗೆ, ನಾವು ದೊಡ್ಡ ರಂಗೋಲಿಗೆ ಮೊಳೆ-ದಾರ ಕಟ್ಟಿ ವೃತ್ತ ಎಳೆಯುವುದಿಲ್ಲವೇ, ಹಾಗೆಯೇ. ದಾರದ ಬದಲು ಕಟ್ಟಿಗೆಯ ಪಟ್ಟಿ, ಅದರ ತುದಿಗೆ ಯಂತ್ರ. ಒಂದೇ ಸಲಕ್ಕೆ ಪೂರ್ತಿ ಆಳಕ್ಕೆ ಹೋಗದೆ ಎರಡು ಮೂರು ಸಲ ಕೊರೆಯಬೇಕು.

ಮೊದಲ ದಾರಿ ಚಪ್ಪಟೆಯಾಗಿತ್ತು. ಕಾರು ನೇರ ದಾರಿಯಲ್ಲಿ ಸುಂಯ್ ಎಂದು ಹೋಗಿ ತಿರುವಿನಲ್ಲಿ ಹಾರಿ ಬಾಣಲಿಗೆ ಬಿತ್ತು. ಮಗನ ಮುಖ ಸಣ್ಣದಾಯಿತು. ಅಣ್ಣ ನಕ್ಕು, “ಬೀದರ್ ಲೈನಿನ ತಿರುವು ನೋಡೀರೇನು? ಹೊರಗಿನ ಹಳಿ ಎತ್ತರ ಇರ್ತದ” ಎಂದ. 2017ರಲ್ಲಿ ಶುರುವಾದ ಆ ರೈಲು ಮಾರ್ಗ ಕಮಲಾಪುರದ ಮೇಲೆಯೇ ಹಾದುಹೋಗುತ್ತದೆ. ತಿರುವಿನಲ್ಲಿ ಬಸ್ಸಿನಲ್ಲಿ ಕುಳಿತ ನಾವು ಹೊರಗೆ ವಾಲುವ ಹಾಗೆ ಕಾರೂ ಹೊರಗೆ ಓಡಲು ನೋಡುತ್ತದೆ. ದಾರಿಯ ಹೊರಗಿನ ಅಂಚು ಎತ್ತರವಿದ್ದರೆ ಹಲಗೆಯೇ ಅದನ್ನು ಒಳಕ್ಕೆ ತಳ್ಳುತ್ತದೆ.

ಸರಿ, 9 ಮಿಲಿಮೀಟರ್ ಹಲಗೆಯಲ್ಲಿ ಅರ್ಧ ಬಳೆಯಂತೆ ತಿರುವು ಕತ್ತರಿಸಿ, ಹೊರ ಅಂಚಿನ ಕೆಳಗೆ ಬೆಣೆ ಕೊಟ್ಟು ಎತ್ತಿದ. ಎತ್ತಿದೊಡನೆ ಅದರ ಎರಡು ತುದಿಗಳೂ ಒಳಕ್ಕೆ ತಿರುಗಿಕೊಂಡವು! ನೇರ ದಾರಿಗೆ ಕೂಡಲೊಲ್ಲವು. “ಅಳತಿ ತಪ್ಪಿಲ್ಲ, ಹಿಂಗ್ಯಾಕಾಯ್ತು?” ಎಂದು ಅಣ್ಣ ತಲೆ ಕೆರೆದುಕೊಂಡ. ಆ ಹಲಗೆ ಹಾಳು. ಹೊಸದಕ್ಕೆ ಅವನು ನನ್ನಿಂದ ದುಡ್ಡು ತೆಗೆದುಕೊಳ್ಳಲೂ ಒಪ್ಪಲಿಲ್ಲ. ಕೆಲಸ ಇಲ್ಲಿಗೇ ನಿಂತೀತೆಂದು ನನಗೆ ಹೆದರಿಕೆಯಾಯಿತು.

ರಾತ್ರಿ ರೊಟ್ಟಿ ಬಡಿಯುವಾಗ ಹೊಳೆಯಿತು. ಇದು ಮಗಳಿಗೆ ಹೊಲಿದ ಅಂಬ್ರೆಲ್ಲಾ ಕಟ್ ಲಂಗದ ಲೆಕ್ಕ ಅಲ್ಲವೇ! ಹಾಸಿದರೆ ಬಳೆ, ತೊಟ್ಟರೆ ಗೋಪುರ. ಬೇಕಾದರೆ ಶೇಂಗಾ ಪೊಟ್ಟಣ ಬಿಚ್ಚಿ ನೋಡಿ. ಎತ್ತಿದ ತಿರುವೂ ಅಂಥ ಪೊಟ್ಟಣದ ತುಂಡೇ. ಹಾಸಿ ಕತ್ತರಿಸುವಾಗ ಅದು ಅರ್ಧ ವೃತ್ತಕ್ಕಿಂತ ಕಡಿಮೆ ಇರಬೇಕು. ಹಳೇ ಪೇಪರು ಹರವಿ ಕತ್ತರಿಸಿ, ಎತ್ತಿ, ಹೆಚ್ಚಾದದ್ದು ಮಡಚಿ ಅಣ್ಣನಿಗೆ ತೋರಿಸಿದೆ. ಮಗ ಶಾಲೆಯ ಲೆಕ್ಕ ಹಾಕಿ ಹೇಳಿದ: 20 ಡಿಗ್ರಿ ಎತ್ತುವುದಾದರೆ 180ರ ಬದಲು 169 ಡಿಗ್ರಿ ಕತ್ತರಿಸಬೇಕು, ತ್ರಿಜ್ಯ 50 ಸೆಂಟಿಮೀಟರ್ ಬೇಕಿದ್ದಲ್ಲಿ 53 ಹಿಡಿಯಬೇಕು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, “ಈ ಕಾಗದ ಇಲ್ಲೇ ಇರಲಿ” ಎಂದ.

ಎರಡನೆಯ ತಿರುವು ಕೂತಿತು. ಬೆಣೆಗಳನ್ನು ಒಂದೇ ಏಟಿಗೆ ಬಿಗಿಯದೆ ರಾತ್ರಿಯಿಡೀ ಸ್ವಲ್ಪ ಸ್ವಲ್ಪ ಬಿಗಿದ, ಇಲ್ಲವಾದರೆ ಹಲಗೆ ಸೀಳುತ್ತದೆ. ನೇರ ದಾರಿಯ ಕಡೆಯ ಒಂದಡಿಯನ್ನೂ ಮೆಲ್ಲಗೆ ಎತ್ತುತ್ತ ಹೋದ. ಕಾರಿಗೆ ಮೆಟ್ಟಿಲು ಸಿಗಬಾರದು.

ಬಣ್ಣ ಒಣಗಿದ ಮೇಲೆ ಪ್ರತಿ ಸೀಳಿನ ಎರಡೂ ಬದಿಗೆ ಅಂಟಿನ ತಾಮ್ರದ ಪಟ್ಟಿ. ಪಟ್ಟಿ ತುಂಡಾದಲ್ಲಿ ಬೆಸುಗೆ ಬೇಕು, ಬರೀ ಮೇಲೆ ಮೇಲೆ ಅಂಟಿಸಿದರೆ ಸಾಲದು. ಕರೆಂಟು 12 ವೋಲ್ಟಿನ ಡಿ.ಸಿ. ಅಡಾಪ್ಟರಿನಿಂದ ಮಾತ್ರ, ಗೋಡೆಯ 230 ವೋಲ್ಟನ್ನು ಹಲಗೆಗೆ ಎಂದೂ ಮುಟ್ಟಿಸಬೇಡಿ.

ಈಗ ಹಲಗೆ ನಮ್ಮ ಮಂಚದ ಕೆಳಗಿದೆ. ಸಂಜೆ ಓಣಿಯ ಹುಡುಗರೆಲ್ಲ ಪಾಳಿ ಹಚ್ಚುತ್ತಾರೆ. ಚುರುಮುರಿ ಒಗ್ಗರಣೆ ಹಾಕಿ ನನ್ನ ಕೈ ಸೋತಿದೆ. ಮೊನ್ನೆ ತವರಿಗೆ ಹೋದಾಗ ನೋಡಿದೆ, ಪೇಪರಿನ ಆ ತುಂಡನ್ನು ಅಣ್ಣ ಅಂಗಡಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಾನೆ. ಯಂತ್ರದ ಮೇಲಿನ ಬಟ್ಟೆ ಇರಲಿಲ್ಲ. ಮಾರುವ ವಿಚಾರ ನಾನೂ ಕೇಳಲಿಲ್ಲ, ಅವನೂ ಎತ್ತಲಿಲ್ಲ.