ರಾತ್ರಿ ಮಾತಾಡುವ ರೇಡಿಯೋ

ಅಪ್ಪ ಸಂತೆಯಿಂದ ಅಂಗೈ ಅಗಲದ ಹೊಸ ರೇಡಿಯೋ ತಂದರು. ಹಗಲಲ್ಲಿ ಮೀಡಿಯಂ ವೇವ್‌ಗೆ ಹಾಕಿದರೆ ಒಂದೇ ಸ್ಟೇಷನ್, ಉಳಿದ ಕಡೆ ಬರೀ ಗೊರಗೊರ. "ಹಾಳಾದ್ದನ್ನ ಕೊಟ್ಟವ್ನೆ, ಮುಂದಿನ ಸಂತೆಗೆ ವಾಪಸ್ ಕೊಡ್ತೀನಿ" ಅಂದರು. ನನಗೆ ಅಳುವೇ ಬಂತು.

ರಾತ್ರಿ ಊಟ ಆದಮೇಲೆ ಮತ್ತೆ ಮುಳ್ಳು ತಿರುಗಿಸಿದೆ. ತಮಿಳು, ಹಿಂದಿ, ಗೊತ್ತಿಲ್ಲದ ಇನ್ನೊಂದು ಭಾಷೆ, ಸಾಲಾಗಿ ಬಂದವು!

ಕಾರಣ ವಿಜ್ಞಾನದ ಮೇಷ್ಟ್ರು ಹೇಳಿದರು. ನೆಲದಿಂದ ಸುಮಾರು 60ರಿಂದ 90 ಕಿ.ಮೀ. ಮೇಲೆ ಬಿಸಿಲಿನಿಂದಾಗುವ ಒಂದು ಪದರವಿದೆ. ಆಕಾಶಕ್ಕೆ ಏರುವ ಅಲೆಗಳನ್ನು ಹಗಲಲ್ಲಿ ಅದು ಹೀರಿಕೊಳ್ಳುತ್ತದೆ. ಹತ್ತಿರದ ಸ್ಟೇಷನ್ ಮಾತ್ರ ನೆಲದ ಗುಂಟ ಬರುತ್ತದೆ. ಹೊತ್ತು ಮುಳುಗಿದರೆ ಆ ಪದರ ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ, ಗೋಡೆಗೆ ಹೊಡೆದ ಚೆಂಡಿನ ಹಾಗೆ ತಿರುಗಿ, ನೂರಾರು ಕಿ.ಮೀ. ದೂರದಲ್ಲಿ ಇಳಿಯುತ್ತವೆ.

ಈಗ ರಾತ್ರಿ ಮುಳ್ಳು ತಿರುಗಿಸುವುದು ಅಪ್ಪನೇ. ನನ್ನ ಕೈಗೆ ರೇಡಿಯೋ ಸಿಗೋದೇ ಕಷ್ಟ.